‘ಚಂದ್ರಶೇಖರ’ ಹೆಸರಿನ ಗಣ್ಯರು: ಒಬ್ಬರ ಬದುಕು ಇನ್ನೊಬ್ಬರ ಪುಟಕ್ಕೆ ಸೇರದಂತೆ ಬೇರ್ಪಡಿಸುವುದು ಹೇಗೆ?

ಪುಟಗಟ್ಟು

ಆನ್‌ಲೈನ್ ವಿಶ್ವಕೋಶಕ್ಕೆ ‘ಚಂದ್ರಶೇಖರ’ ಹೆಸರಿನ ದ್ವಂದ್ವ ನಿವಾರಣೆ ಪುಟದ (ಒಂದೇ ಹೆಸರಿನ ಹಲವರನ್ನು ಪಟ್ಟಿ ಮಾಡಿ ಅವರವರ ಪುಟಕ್ಕೆ ದಾರಿ ತೋರುವ ಪುಟ) ಕರಡು ಸಿದ್ಧವಾಗಿದೆ. ವಿಜ್ಞಾನಿಗಳು, ಕವಿಗಳು, ಕ್ರಿಕೆಟಿಗರು, ಪ್ರಧಾನಿ, ಕ್ರಾಂತಿಕಾರಿ, ಪೀಠಾಧಿಪತಿಗಳು ಎಲ್ಲರೂ ಇದ್ದಾರೆ. ತೊಡಕು ಬಂದಿರುವುದು ‘ಎಸ್. ಚಂದ್ರಶೇಖರ್’ ಎಂಬಲ್ಲಿ. ಕರಡಿನ ಒಂದು ಸಾಲು ಹೀಗಿದೆ: “ನೊಬೆಲ್ ಪುರಸ್ಕೃತ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು, 1967ರಲ್ಲಿ ಕೇಂದ್ರ ಸಚಿವರಾದರು.” ಈ ಒಂದು ಸಾಲಿನಲ್ಲಿ ಎಷ್ಟು ಜನ ಬೆರೆತಿದ್ದಾರೆ, ಬಿಡಿಸಿ ಹೇಳಬಲ್ಲವರು ಹೇಳಿ. ಶೀರ್ಷಿಕೆ ಇಡುವುದಕ್ಕೆ ಒಂದು ಕ್ರಮವೂ ಬೇಕು.

ನೆಲಮುಗಿಲು

ಮೂವರು ಬೆರೆತಿದ್ದಾರೆ. ಮೂವರೂ ತಮ್ಮ ಬರಹಗಳಿಗೆ ‘ಎಸ್. ಚಂದ್ರಶೇಖರ್’ ಎಂದೇ ಹೆಸರು ಹಾಕಿದವರು.

ಮೊದಲನೆಯವರು ಸುಬ್ರಹ್ಮಣ್ಯನ್ ಚಂದ್ರಶೇಖರ್, ಖಭೌತ ವಿಜ್ಞಾನಿ. ಹುಟ್ಟಿದ್ದು 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ, ತೀರಿಕೊಂಡದ್ದು 1995ರ ಆಗಸ್ಟ್ 21ರಂದು ಷಿಕಾಗೋದಲ್ಲಿ. ಶ್ವೇತ ಕುಬ್ಜದ (ಇಂಧನ ಮುಗಿದು ಕುಗ್ಗಿದ ನಕ್ಷತ್ರ) ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟು ಮೀರಿದರೆ ಅದು ತನ್ನ ಭಾರವನ್ನು ತಾನೇ ತಾಳಲಾರದು ಎಂದು ಲೆಕ್ಕ ಹಾಕಿ ತೋರಿಸಿದವರು. ‘ಚಂದ್ರಶೇಖರ್ ಮಿತಿ’ ಅಂದರೆ ಇದೇ. 1983ರ ಭೌತಶಾಸ್ತ್ರದ ನೊಬೆಲ್ ಇವರಿಗೂ ವಿಲಿಯಂ ಫೌಲರ್ ಅವರಿಗೂ ಹಂಚಿಕೆಯಾಯಿತು.

ಎರಡನೆಯವರು ಶಿವರಾಮಕೃಷ್ಣ ಚಂದ್ರಶೇಖರ್ (1930–2004), ದ್ರವ ಸ್ಫಟಿಕಗಳ (ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳು ಕ್ರಮವಾಗಿ ನಿಲ್ಲುವ ವಸ್ತುಗಳು) ವಿಜ್ಞಾನಿ. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರು ಇವರು, 1961ರಲ್ಲಿ. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಅಲ್ಲಿಯವರೆಗೆ ದ್ರವ ಸ್ಫಟಿಕ ಎಂದರೆ ಕಡ್ಡಿಯಂಥ ಉದ್ದನೆಯ ಅಣುಗಳದ್ದೇ ಎಂಬ ತಿಳಿವಳಿಕೆ ಇತ್ತು. 1977ರಲ್ಲಿ ಇವರ ತಂಡ ತಟ್ಟೆಯಾಕಾರದ ಅಣುಗಳಲ್ಲೂ ಅದನ್ನು ಕಂಡಿತು. ಆ ತಟ್ಟೆಗಳು ನಾಣ್ಯ ಅಟ್ಟಿ ಪೇರಿಸಿದಂತೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ, ಕಂಬಗಳು ಪಕ್ಕಪಕ್ಕದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಬೆಂಗಳೂರಿನಲ್ಲಿ ನಡೆದ ಈ ಕೆಲಸ ಆ ಕ್ಷೇತ್ರಕ್ಕೆ ಹೊಸ ಶಾಖೆಯನ್ನೇ ಕೊಟ್ಟಿತು. ಕನ್ನಡದಲ್ಲಿ ಇದರ ಬಗ್ಗೆ ಇನ್ನೂ ವಿವರವಾಗಿ ಬರೆಯುವುದು ನಮ್ಮ ಮೇಲಿನ ಋಣ.

ಮೂರನೆಯವರು ಶ್ರೀಪತಿ ಚಂದ್ರಶೇಖರ್ (1918–2001), ಜನಸಂಖ್ಯಾ ಶಾಸ್ತ್ರಜ್ಞ. 1967ರಲ್ಲಿ ಕೇಂದ್ರದ ಆರೋಗ್ಯ ಮತ್ತು ಕುಟುಂಬ ಯೋಜನೆ ಸಚಿವರಾದವರು ಇವರು.

ಪುಟಗಟ್ಟು

ಭೌತ ವಿಜ್ಞಾನಿಗಳಿಬ್ಬರೂ ಸಂಬಂಧಿಕರು ಎಂದು ಕರಡಿನಲ್ಲಿ ಒಬ್ಬರು ಟಿಪ್ಪಣಿ ಬರೆದಿದ್ದಾರೆ. ಹೌದೇ? ಹೌದಾದರೆ ಯಾವ ವರಸೆ?

ನೆಲಮುಗಿಲು

ಹೌದು. ಗೊಂದಲದ ಬೇರು ಇರುವುದೂ ಅಲ್ಲೇ. ಇಬ್ಬರೂ ಸರ್ ಸಿ.ವಿ. ರಾಮನ್ ಅವರಿಗೆ ಮಕ್ಕಳ ಸಮಾನ. ಸುಬ್ರಹ್ಮಣ್ಯನ್ ಚಂದ್ರಶೇಖರ್ ರಾಮನ್‌ರ ಅಣ್ಣನ ಮಗ. ಶಿವರಾಮಕೃಷ್ಣ ಚಂದ್ರಶೇಖರ್ ರಾಮನ್‌ರ ತಂಗಿಯ ಮಗ, ಅಂದರೆ ಸೋದರಳಿಯ. ಇಂಗ್ಲಿಷ್‌ನಲ್ಲಿ ಇಬ್ಬರಿಗೂ ಒಂದೇ ಪದ ಬಳಸುವುದರಿಂದ ಅನುವಾದ ಮಾಡುವವರು ಇಬ್ಬರನ್ನೂ ‘ಸೋದರಳಿಯ’ ಎಂದು ಬರೆದುಬಿಡುತ್ತಾರೆ. ಕನ್ನಡದಲ್ಲಿ ಅಣ್ಣನ ಮಗ ಬೇರೆ, ತಂಗಿಯ ಮಗ ಬೇರೆ. ಈ ಒಂದು ಪದ ಸರಿಯಾಗಿ ಇಟ್ಟರೆ ಅರ್ಧ ಗೊಂದಲ ತೀರಿತು.

ಇನ್ನು ಹೆಸರು. ರಾಮನ್‌ರ ತಂದೆ ಚಂದ್ರಶೇಖರ ಅಯ್ಯರ್, ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದವರು. ‘ಸಿ.ವಿ. ರಾಮನ್’ನಲ್ಲಿರುವ ‘ಸಿ’ ಅವರೇ: ಚಂದ್ರಶೇಖರ ವೆಂಕಟ ರಾಮನ್. ಅಣ್ಣ ಸಿ. ಸುಬ್ರಹ್ಮಣ್ಯ ಅಯ್ಯರ್ ಅವರ ‘ಸಿ’ಯೂ ಅವರೇ. ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಂತೆ ಮೊಮ್ಮಗ ‘ಚಂದ್ರಶೇಖರ್’ ಆದರು, ಅಪ್ಪನ ಹೆಸರು ‘ಎಸ್’ ಆಗಿ ಮುಂದೆ ಬಂತು. ಒಂದೇ ಹೆಸರು ಮಗನಲ್ಲಿ ಇನಿಷಿಯಲ್, ಮೊಮ್ಮಗನಲ್ಲಿ ಹೆಸರು.

ಹಾಗಾಗಿ ಕರಡಿನಲ್ಲಿರುವ “ಚಂದ್ರಶೇಖರ್ ಮನೆತನ” ಎಂಬ ಉಪಶೀರ್ಷಿಕೆ ತೆಗೆಯಬೇಕು. ಅದು ಮನೆತನದ ಹೆಸರಲ್ಲ.

ಗ್ರಂಥಸೂಚಿ

ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಇಬ್ಬರು ಭೌತ ವಿಜ್ಞಾನಿಗಳನ್ನು ಬಿರುದು, ಪದಕ, ವರ್ಷ ನೋಡಿ ಬೇರ್ಪಡಿಸಲು ಹೋಗಬೇಡಿ.

ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು: ಹಿರಿಯರು 1944ರಲ್ಲಿ, ಕಿರಿಯರು 1983ರಲ್ಲಿ. ಆ 1983 ಹಿರಿಯರಿಗೆ ನೊಬೆಲ್ ಬಂದ ವರ್ಷವೂ ಹೌದು. ಇಬ್ಬರಿಗೂ ಅದೇ ಸೊಸೈಟಿಯ ರಾಯಲ್ ಪದಕ ಬಂದಿದೆ: 1962 ಮತ್ತು 1994. ಇಬ್ಬರೂ ಕೇಂಬ್ರಿಜ್‌ನಲ್ಲಿ ಓದಿದವರು. ಹಿರಿಯರು ಕೇಂಬ್ರಿಜ್‌ಗೆ ಹಡಗು ಹತ್ತಿದ್ದು 1930ರಲ್ಲಿ, ಕಿರಿಯರು ಹುಟ್ಟಿದ್ದೂ 1930ರಲ್ಲಿ. ‘ಎಸ್. ಚಂದ್ರಶೇಖರ್, ಭೌತ ವಿಜ್ಞಾನಿ, ರಾಯಲ್ ಪದಕ, 1983’ ಎಂದು ಹುಡುಕಿದರೆ ಇಬ್ಬರೂ ಸಿಗುತ್ತಾರೆ. ಪದ್ಮ ಪ್ರಶಸ್ತಿ ಮಾತ್ರ ಬೇರೆ: ಹಿರಿಯರದು ಪದ್ಮವಿಭೂಷಣ (1968), ಕಿರಿಯರದು ಪದ್ಮಭೂಷಣ (1998).

ಯಾವುದೇ ಹೆಸರಿಗೆ ಕೆಲಸ ಮಾಡುವ ಕ್ರಮ ಇದು:

ಮೊದಲು ಇನಿಷಿಯಲ್ ಬಿಡಿಸಿ. ಅದು ಊರೋ, ಅಪ್ಪನ ಹೆಸರೋ, ಅಡ್ಡಹೆಸರೋ ಗೊತ್ತಾಗುವವರೆಗೆ ಪುಟಕ್ಕೆ ಶೀರ್ಷಿಕೆ ಇಡಬೇಡಿ. ಆಮೇಲೆ ಹುಟ್ಟಿದ ಮತ್ತು ತೀರಿಕೊಂಡ ವರ್ಷ ಬರೆದುಕೊಳ್ಳಿ. ಕಡೆಯದಾಗಿ ಆ ವ್ಯಕ್ತಿಯದೇ ಎಂದು ಸಂದೇಹವಿಲ್ಲದ ಒಂದು ಕೃತಿಯನ್ನೋ ಹುದ್ದೆಯನ್ನೋ ಗೂಟವಾಗಿ ಇಟ್ಟುಕೊಳ್ಳಿ. ಹೊಸ ಮಾಹಿತಿ ಬಂದಾಗ ಆ ಗೂಟಕ್ಕೆ ಅದು ಹೊಂದುತ್ತದೆಯೇ ನೋಡಿ. ಹೊಂದಿದರೆ ಸೇರಿಸಿ, ಇಲ್ಲವಾದರೆ ಚರ್ಚಾಪುಟದಲ್ಲೇ ಇರಲಿ. ಕ್ಷೇತ್ರದ ಹೆಸರು (‘ವಿಜ್ಞಾನಿ’, ‘ಕವಿ’) ಗೂಟವಾಗಲಾರದು. ಇಲ್ಲಿ ಭೌತ ವಿಜ್ಞಾನಿಗಳೂ ಇಬ್ಬರು, ಕವಿಗಳೂ ಇಬ್ಬರು, ಕ್ರಿಕೆಟಿಗರೂ ಇಬ್ಬರು.

ಹುಬ್ಳಿಯಂವ

ಕವಿಗಳ ಮಾತು ಬಂತಲ್ರಿ, ಅದನ್ನ ನಾ ಹೇಳತೇನಿ. ನಿಮ್ಮ ಕರಡಿನಾಗ ದೊಡ್ಡ ತಪ್ಪೈತಿ: ‘ಕಂಬಾರ’ ಅನ್ನೋದನ್ನ ಅಪ್ಪನ ಹೆಸರು ಅಂತ ಬರದೀರಿ. ಅಲ್ರಿ, ಅದು ಅಡ್ಡಹೆಸರು. ನಮ್ಮ ಕಡೆ ಮೊದಲು ತನ್ನ ಹೆಸರು, ನಡುವ ಅಪ್ಪನ ಹೆಸರು, ಕಡೀಗೆ ಅಡ್ಡಹೆಸರು: ಚಂದ್ರಶೇಖರ ಬಸವಣ್ಣೆಪ್ಪ ಕಂಬಾರ. ಮೈಸೂರು ಕಡೆ ಹಂಗಲ್ಲ, ಊರು ಅಪ್ಪ ಎಲ್ಲಾ ಇನಿಷಿಯಲ್ ಆಗಿ ಮುಂದ ಬಂದು ತನ್ನ ಹೆಸರು ಕಡೀಗೆ ನಿಲ್ಲತದ. ಈ ಎರಡೂ ಪದ್ಧತಿ ಒಂದೇ ಪಟ್ಟಿಯೊಳಗ ಹಾಕಿದ್ರ ‘ಚಂದ್ರಶೇಖರ’ ಒಂದು ಸಾಲಿನಾಗ ಮುಂದ, ಇನ್ನೊಂದರಾಗ ಹಿಂದ ಬರೋದು ಸಹಜ. ಅದನ್ನ ‘ಸರಿ’ ಮಾಡಾಕ ಹೋಗಿ ‘ಕಂಬಾರ ಚಂದ್ರಶೇಖರ’ ಅಂತ ತಿರುಗಿಸಿ ಶೀರ್ಷಿಕೆ ಇಡಬ್ಯಾಡ್ರಿ.

ಚಂದ್ರಶೇಖರ ಕಂಬಾರರು ಹುಟ್ಟಿದ್ದು 1937ರ ಜನವರಿ 2, ಬೆಳಗಾವಿ ಜಿಲ್ಲಾ ಘೋಡಗೇರಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ. 2010ನೇ ಸಾಲಿನ ಜ್ಞಾನಪೀಠ. ಅದು ಪ್ರಕಟ ಆಗಿದ್ದು 2011ರಾಗ, ಅದಕ್ಕ ಎರಡೂ ವರ್ಷ ಓಡಾಡತಾವ. ‘2010ನೇ ಸಾಲಿನ’ ಅಂತನ ಬರೀರಿ.

ಚಂದ್ರಶೇಖರ ಪಾಟೀಲರು ಹುಟ್ಟಿದ್ದು 1939ರ ಜೂನ್ 18, ಹತ್ತಿಮತ್ತೂರು. ತೀರಿಕೊಂಡಿದ್ದು 2022ರ ಜನವರಿ 10. ‘ಸಂಕ್ರಮಣ’ ಪತ್ರಿಕೆ ನಡೆಸಿದವರು, ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದವರು. ಹೆಸರಿನ ‘ಚಂ’, ಅಡ್ಡಹೆಸರಿನ ‘ಪಾ’ ಕೂಡಿ ‘ಚಂಪಾ’. ನಾಡೆಲ್ಲಾ ಕರೆಯೋದು ಹಂಗ, ಅದಕ್ಕ ‘ಚಂಪಾ’ದಿಂದ ಪುನರ್ನಿರ್ದೇಶನ (ಆ ಹೆಸರು ಹುಡುಕಿದ್ರ ತಾನ ಈ ಪುಟಕ್ಕ ಕರಕೊಂಡು ಬರೋ ಕೊಂಡಿ) ಇರಾಕs ಬೇಕು. ಊರಿನ ಜಿಲ್ಲಾ ಬರಿಯೋವಾಗ ಹುಷಾರ್: ಹಾವೇರಿ ಜಿಲ್ಲಾ ಆಗಿದ್ದು 1997ರಾಗ. ಅವರು ಹುಟ್ಟಿದಾಗ ಅದು ಧಾರವಾಡ ಜಿಲ್ಲಾ. ‘ಇಂದಿನ ಹಾವೇರಿ ಜಿಲ್ಲೆ’ ಅಂದ್ರ ಎರಡೂ ಸರಿ ಆಗತದ.

ಇನ್ನ ಮುಖ್ಯ ಗೊಂದಲ ಕೇಳ್ರಿ. 2017ರ ನವೆಂಬರದಾಗ ಮೈಸೂರಾಗ ನಡೆದ 83ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರು ಚಂದ್ರಶೇಖರ ಪಾಟೀಲ. ಅದರ ಮುಂದಿನದು, 84ನೇದು, 2019ರ ಜನವರಿಯಾಗ ಧಾರವಾಡದಾಗ. ಅಧ್ಯಕ್ಷರು ಚಂದ್ರಶೇಖರ ಕಂಬಾರ. ಬೆನ್ನಿಗೆ ಬೆನ್ನ ಹಚ್ಚಿದ ಎರಡು ಸಮ್ಮೇಳನ, ಇಬ್ಬರೂ ಚಂದ್ರಶೇಖರರು, ಇಬ್ಬರೂ ಕವಿ, ಇಬ್ಬರೂ ನಾಟಕಕಾರರು. ಧಾರವಾಡದ ಸಮ್ಮೇಳನ ಅಂದ ಕೂಡಲೇ ಚಂಪಾ ಹೆಸರು ಹಾಕೋ ತಪ್ಪು ಆಗೋದು ಸುಲಭ, ಯಾಕಂದ್ರ ಅವರು ಪಾಠ ಹೇಳಿದ ಊರು ಧಾರವಾಡ. ಸಮ್ಮೇಳನದ ಸಂಖ್ಯೆ, ಊರು ಎರಡೂ ಬರದು ತಾಳೆ ನೋಡ್ರಿ.

ಗ್ರಂಥಸೂಚಿ

@ಹುಬ್ಳಿಯಂವ ರೀ, ಅಡ್ಡಹೆಸರಿನ ಮಾತು ಚಿನ್ನದಂಥದ್ದು. ಇದಕ್ಕೆ ಮೂರನೆಯ ಬಗೆಯೊಂದು ಇದೆ: ಅಪ್ಪನ ಹೆಸರು ಕೊನೆಯಲ್ಲಿ ಬರುವುದು. 2006ರಿಂದ 2024ರವರೆಗೆ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರಲ್ಲಿ ‘ಚಂದ್ರಶೇಖರ್’ ತಂದೆಯ ಹೆಸರು. ತಂದೆ ವಾಯುಪಡೆಯ ಅಧಿಕಾರಿಯಾಗಿದ್ದ ಎಂ.ಕೆ. ಚಂದ್ರಶೇಖರ್. ಇಂಥವರನ್ನು ಪಟ್ಟಿಯ ಕೆಳಗೆ ‘ತಂದೆಯ ಹೆಸರಾಗಿ ಚಂದ್ರಶೇಖರ’ ಎಂಬ ಬೇರೆ ವಿಭಾಗದಲ್ಲಿ ಇಡಿ. ಸಿ.ವಿ. ರಾಮನ್ ಬರುವುದೂ ಅದರಲ್ಲೇ.

ಸ್ಪಿನ್_ಮೈಸೂರು

ಕ್ರಿಕೆಟ್ ಭಾಗ. ಬಿ.ಎಸ್. ಚಂದ್ರಶೇಖರ್ ಅವರ ಪೂರ್ಣ ಹೆಸರು ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್. ‘ಸುಬ್ರಹ್ಮಣ್ಯ ಚಂದ್ರಶೇಖರ್’ ಎಂದು ಹುಡುಕಿದರೆ ಖಭೌತ ವಿಜ್ಞಾನಿಯ ಜೊತೆ ಇವರೂ ಬರುವುದು ಅದಕ್ಕೇ. ಇಬ್ಬರಿಗೂ ಬಳಕೆಯ ಹೆಸರು ‘ಚಂದ್ರ’. ಶೀರ್ಷಿಕೆಯಲ್ಲಿ ‘ಭಾಗವತ್’ ಬಿಡಲೇಬಾರದು.

ಹುಟ್ಟಿದ್ದು ಮೈಸೂರಿನಲ್ಲಿ, 1945ರ ಮೇ 17. ಬಾಲ್ಯದಲ್ಲಿ ಪೋಲಿಯೋ ತಗುಲಿ ಬಲಗೈ ಬಡವಾಯಿತು. ಆ ಕೈಯಲ್ಲೇ ಲೆಗ್ ಸ್ಪಿನ್ ಹಾಕಿದರು. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯುತ್ತಿದ್ದುದು ಎಡಗೈಯಲ್ಲಿ. ಹಳೆಯ ಫೋಟೋಗಳಲ್ಲಿ ಎಡಗೈಯಲ್ಲಿ ಎಸೆಯುವುದು ಕಂಡು ‘ಎಡಗೈ ಬೌಲರ್’ ಎಂದು ಬರೆದರೆ ತಪ್ಪು. 58 ಟೆಸ್ಟ್, 242 ವಿಕೆಟ್, 167 ರನ್. ರನ್ ಮತ್ತು ವಿಕೆಟ್ ಸಂಖ್ಯೆ ಅದಲುಬದಲಾಗಿದೆ ಎಂದು ಯಾರಾದರೂ ‘ತಿದ್ದುವ’ ಅಪಾಯವಿದೆ. ಅದಲುಬದಲಾಗಿಲ್ಲ, ಗಳಿಸಿದ ರನ್ನಿಗಿಂತ ಕಿತ್ತ ವಿಕೆಟ್ಟೇ ಹೆಚ್ಚು. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ ಪಂದ್ಯ, ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಪುಟದ ಗೂಟ ಅದೇ ಇರಲಿ.

ರಣಜಿ ತಂಡದ ಹೆಸರಿನಲ್ಲೂ ಜಾಗ್ರತೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮುಂಚಿನ ಪಂದ್ಯಗಳಲ್ಲಿ ತಂಡದ ಹೆಸರು ‘ಮೈಸೂರು’. ಎರಡು ತಂಡಕ್ಕೆ ಆಡಿದವರು ಎಂದು ಬರೆಯಬಾರದು, ತಂಡ ಒಂದೇ.

ಇನ್ನೊಬ್ಬರು ವಿ.ಬಿ. ಚಂದ್ರಶೇಖರ್ (1961–2019), ತಮಿಳುನಾಡಿನ ಆರಂಭಿಕ ಬ್ಯಾಟ್ಸ್‌ಮನ್, 7 ಏಕದಿನ ಪಂದ್ಯ ಆಡಿದವರು. 1988ರ ಇರಾನಿ ಟ್ರೋಫಿಯಲ್ಲಿ 56 ಎಸೆತಕ್ಕೆ ಶತಕ ಹೊಡೆದವರು ಇವರು. ಕನ್ನಡ ಅಕ್ಷರದಲ್ಲಿ ‘ವಿ.ಬಿ.’ ಮತ್ತು ‘ಬಿ.ಎಸ್.’ ಎರಡರಲ್ಲೂ ‘ಬಿ’ ಇರುವುದರಿಂದ ಅವಸರದಲ್ಲಿ ಕಣ್ಣು ಜಾರುತ್ತದೆ. ಒಬ್ಬರು ರನ್ನಿಗೆ ಹೆಸರಾದವರು, ಇನ್ನೊಬ್ಬರು ವಿಕೆಟ್ಟಿಗೆ.

ಪುಟಗಟ್ಟು

‘ಚಂದ್ರ’ ಎಂಬ ಮೊಟಕು ಹೆಸರಿನಿಂದ ಬಂದ ವಸ್ತುಗಳನ್ನೂ ಈ ಪುಟಕ್ಕೆ ಸೇರಿಸಬೇಕೇ? ‘1958ರಲ್ಲಿ ಚಂದ್ರ ಹೆಸರಿನ ಕ್ಷುದ್ರಗ್ರಹ ಪತ್ತೆ’ ಎಂದು ಒಂದು ಸಾಲು ಬಂದಿದೆ.

ನೆಲಮುಗಿಲು

ಆ ಸಾಲು ತೆಗೆಯಿರಿ. ‘1958 ಚಂದ್ರ’ ಎಂಬುದರಲ್ಲಿ 1958 ಇಸವಿಯಲ್ಲ, ಕ್ಷುದ್ರಗ್ರಹದ ಕ್ರಮಸಂಖ್ಯೆ. ಅದು ಪತ್ತೆಯಾದದ್ದು 1970ರಲ್ಲಿ. ನಾಲ್ಕಂಕಿಯ ಕ್ರಮಸಂಖ್ಯೆ ಇಸವಿಯಂತೆ ಕಾಣುವುದರಿಂದ ಈ ತಪ್ಪು ಆಗುತ್ತದೆ.

ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನವು ಇನ್ನೆರಡು ಇವೆ, ಅವನ್ನು ಅವರ ಪುಟದಲ್ಲೇ ಇಡಿ. ಒಂದು, 1999ರ ಜುಲೈ 23ರಂದು ಕೊಲಂಬಿಯಾ ನೌಕೆಯಲ್ಲಿ ಹಾರಿಸಿದ ‘ಚಂದ್ರ’ ಎಕ್ಸ್-ಕಿರಣ ವೀಕ್ಷಣಾಲಯ. ಇನ್ನೊಂದು, ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ. ಇದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ. ಎರಡೂ ಚಂದ್ರನನ್ನು ನೋಡಲು ಇರುವ ಉಪಕರಣಗಳು ಎಂದು ಬರೆದರೆ ತಪ್ಪಾಗುತ್ತದೆ. ‘ಚಂದ್ರ’ ಇಲ್ಲಿ ಮನುಷ್ಯನ ಹೆಸರು.

ತುಂಗಾತೀರ

ಪೀಠಾಧಿಪತಿಗಳ ಸಾಲಿನಲ್ಲಿ ಇಬ್ಬರು ಒಂದಾಗಿದ್ದಾರೆ, ದಯವಿಟ್ಟು ಬೇಗ ಸರಿಪಡಿಸಿ. ಶೃಂಗೇರಿ ಶಾರದಾ ಪೀಠದ 34ನೆಯ ಜಗದ್ಗುರುಗಳು ಚಂದ್ರಶೇಖರ ಭಾರತೀ ಮಹಾಸ್ವಾಮಿಗಳು (1892–1954). ಕಂಚಿ ಕಾಮಕೋಟಿ ಪೀಠದವರು ಚಂದ್ರಶೇಖರೇಂದ್ರ ಸರಸ್ವತೀ ಸ್ವಾಮಿಗಳು (1894–1994). ಇಬ್ಬರೂ ಒಂದೇ ಕಾಲದವರು, ಹುಟ್ಟಿದ್ದು ಎರಡು ವರ್ಷದ ಅಂತರದಲ್ಲಿ. ಸಂನ್ಯಾಸಿಗಳಿಗೆ ಅಪ್ಪನ ಹೆಸರೂ ಅಡ್ಡಹೆಸರೂ ಇಲ್ಲ, ‘ಭಾರತೀ’, ‘ಸರಸ್ವತೀ’ ಎಂಬ ಯೋಗಪಟ್ಟವೇ (ಸಂನ್ಯಾಸದ ಹೆಸರಿನ ಕೊನೆಗೆ ಸೇರುವ ಪದ) ಗುರುತು. ಶೃಂಗೇರಿಯ ಪರಂಪರೆಯಲ್ಲಿ ಇದೇ ಹೆಸರಿನವರು ಹಿಂದೆಯೂ ಇದ್ದಾರೆ, ಆದ್ದರಿಂದ ಶೀರ್ಷಿಕೆಯಲ್ಲಿ ‘ಮೂರನೆಯ’ ಎಂಬುದನ್ನು ಬಿಡಬೇಡಿ.

ಬಯಲುಸೀಮೆ

ರಾಜಕೀಯದ ಸಾಲುಗಳು. ಪ್ರಧಾನಿಯಾಗಿದ್ದವರು ಚಂದ್ರ ಶೇಖರ್ (1927–2007), ಉತ್ತರ ಪ್ರದೇಶದ ಬಲ್ಲಿಯಾ ಜಿಲ್ಲೆಯವರು. 1990ರ ನವೆಂಬರ್ 10ರಿಂದ 1991ರ ಜೂನ್ 21ರವರೆಗೆ ಅಧಿಕಾರದಲ್ಲಿದ್ದರು. 1983ರಲ್ಲಿ ಕನ್ಯಾಕುಮಾರಿಯಿಂದ ದೆಹಲಿಯವರೆಗೆ ಪಾದಯಾತ್ರೆ ಮಾಡಿದವರು ಇವರೇ. ಹೆಸರನ್ನು ಎರಡು ಪದವಾಗಿ ಬಿಡಿಸಿ ಬರೆಯುವ ರೂಢಿ ಇರುವುದರಿಂದ ಎರಡೂ ರೂಪದಿಂದ ಪುನರ್ನಿರ್ದೇಶನ ಬೇಕು.

ಚಂದ್ರಶೇಖರ ಆಜಾದ್ (1906–1931) ಅವರ ಹುಟ್ಟುಹೆಸರು ಚಂದ್ರಶೇಖರ ತಿವಾರಿ. ‘ಆಜಾದ್’ ಅವರೇ ಆರಿಸಿಕೊಂಡದ್ದು. ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ 1931ರ ಫೆಬ್ರವರಿ 27ರಂದು ಪೊಲೀಸರು ಸುತ್ತುವರಿದಾಗ ಹುತಾತ್ಮರಾದರು. 2024ರಲ್ಲಿ ನಗೀನಾ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ ಚಂದ್ರಶೇಖರ ಆಜಾದ್ ಬೇರೆ ವ್ಯಕ್ತಿ. ಇಬ್ಬರಿಗೂ ಹೆಸರು ಪೂರ್ತಿಯಾಗಿ ಒಂದೇ ಆದ್ದರಿಂದ ಇಲ್ಲಿ ಮಾತ್ರ ಆವರಣದಲ್ಲಿ ‘(ಕ್ರಾಂತಿಕಾರಿ)’, ‘(ಸಂಸದ)’ ಎಂದು ಹಾಕದೆ ಗತಿಯಿಲ್ಲ. ತೆಲಂಗಾಣದ ಮೊದಲ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರದು ಗೊಂದಲವಿಲ್ಲ, ಒಂದು ಸಾಲು ಸಾಕು.

ಅಚ್ಚಿನಮೊಳೆ

ಯಾರೂ ಎತ್ತದ ತಾಂತ್ರಿಕ ವಿಷಯ. ನಿಮ್ಮ ಪಟ್ಟಿಯಲ್ಲಿ ‘ಚಂದ್ರಶೇಖರ್’ ಎರಡು ಬಾರಿ ಬಂದಿದೆ, ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕಾರಣ ಎರಡು ಇರಬಹುದು.

ಒಂದು, ಕೊನೆಯಲ್ಲಿ ಕಾಣದ ಅಕ್ಷರ. ‘ಚಂದ್ರಶೇಖರ್‌ಗೆ’ ಎಂದು ಬರೆಯುವಾಗ ‘ರ್’ ಮತ್ತು ‘ಗೆ’ ಕೂಡಿ ಒತ್ತಕ್ಷರ ಆಗದಂತೆ ನಡುವೆ ಒಂದು ಅಗೋಚರ ಚಿಹ್ನೆ ಸೇರಿಸುತ್ತೇವೆ, ಯೂನಿಕೋಡ್ ಸಂಕೇತ 200ಸಿ. ವಾಕ್ಯದಿಂದ ಹೆಸರನ್ನಷ್ಟೇ ನಕಲು ಮಾಡುವಾಗ ಅದೂ ಅಂಟಿಕೊಂಡು ಬರುತ್ತದೆ. ಶೀರ್ಷಿಕೆಯ ಕೊನೆಯಲ್ಲಿ ಕರ್ಸರ್ ಇಟ್ಟು ಎಡ ಬಾಣದ ಕೀಲಿ ಒತ್ತಿ ನೋಡಿ. ಒಮ್ಮೆ ಒತ್ತಿದಾಗ ಕರ್ಸರ್ ಕದಲದಿದ್ದರೆ ಅಲ್ಲಿ ಅದು ಕೂತಿದೆ ಎಂಬ ಅನುಮಾನ ಸರಿ. ಶೀರ್ಷಿಕೆ ಅಳಿಸಿ ಕೈಯಿಂದಲೇ ಟೈಪ್ ಮಾಡಿ.

ಎರಡು, ‘ಶೇ’ ಅಕ್ಷರದ ದೀರ್ಘ. ‘ೇ’ ಒಂದೇ ಸಂಕೇತವಾಗಿಯೂ ಬರಬಹುದು, ಹ್ರಸ್ವ ‘ೆ’ ಮತ್ತು ದೀರ್ಘಚಿಹ್ನೆ ‘ೕ’ ಎಂಬ ಎರಡು ಸಂಕೇತಗಳಾಗಿಯೂ ಬರಬಹುದು. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಎರಡನೆಯ ಬಗೆ ನುಸುಳುವುದುಂಟು. ವಿಕಿ ತಂತ್ರಾಂಶ ಉಳಿಸುವಾಗ ಇದನ್ನು ತಾನೇ ಒಂದಾಗಿಸುತ್ತದೆ. ಎಕ್ಸೆಲ್ ಹಾಳೆ ಹಾಗೆ ಮಾಡದು. ಆದ್ದರಿಂದ ಪಟ್ಟಿಯನ್ನು ಹಾಳೆಯಲ್ಲಿ ಹೋಲಿಸುವ ಮುಂಚೆ ಹುಡುಕಿ–ಬದಲಿಸಿ ಮಾಡಿಕೊಳ್ಳಿ.

ಇದಲ್ಲದೆ ‘ಚಂದ್ರಶೇಕರ’, ‘ಚಂದ್ರಸೇಖರ್’ ರೂಪಗಳಿಂದಲೂ ಪುನರ್ನಿರ್ದೇಶನ ಹಾಕಿ. ತಮಿಳು ಲಿಪಿಯಲ್ಲಿ ಮಹಾಪ್ರಾಣ ಇಲ್ಲ, ಇಂಗ್ಲಿಷಿನಿಂದ ಬರೆದುಕೊಳ್ಳುವವರು ಒಂದೊಂದು ಬಗೆ ಬರೆಯುತ್ತಾರೆ. ಓದುಗ ತಪ್ಪು ಟೈಪ್ ಮಾಡಿದರೂ ಸರಿಯಾದ ಮನುಷ್ಯನ ಹತ್ತಿರ ಬರಬೇಕು.

ಬಯಲುಸೀಮೆ

ಚಿತ್ರರಂಗದವರು ಬಿಟ್ಟುಹೋಗಿದ್ದಾರೆ. ಕನ್ನಡದ ನಟ ಚಂದ್ರಶೇಖರ್ ಅವರನ್ನು 1973ರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ ನಂತರ ಜನ ಗುರುತಿಸಿದ್ದೇ ‘ಎಡಕಲ್ಲು ಚಂದ್ರಶೇಖರ್’ ಎಂದು. ಇಲ್ಲಿ ‘ಎಡಕಲ್ಲು’ ಅವರ ಹುಟ್ಟೂರಲ್ಲ, ಚಿತ್ರದಿಂದ ಬಂದದ್ದು. ಮೈಸೂರು ಕಡೆಯ ಪದ್ಧತಿ ನೆನೆದು ಊರ ಹೆಸರು ಎಂದು ತಿಳಿಯಬಾರದು.

ಪುಟಗಟ್ಟು

ಎಲ್ಲ ಸೇರಿಸಿ ತಿದ್ದಿದ್ದೇನೆ. ‘ಎಸ್. ಚಂದ್ರಶೇಖರ್’ ಈಗ ಯಾರ ಪುಟಕ್ಕೂ ನೇರ ಹೋಗುವುದಿಲ್ಲ, ಈ ಮೂರು ಸಾಲಿಗೆ ಬರುತ್ತದೆ:

ಸುಬ್ರಹ್ಮಣ್ಯನ್ ಚಂದ್ರಶೇಖರ್ (1910–1995), ಖಭೌತ ವಿಜ್ಞಾನಿ, ಸಿ.ವಿ. ರಾಮನ್‌ರ ಅಣ್ಣನ ಮಗ. ಶ್ವೇತ ಕುಬ್ಜಗಳ ದ್ರವ್ಯರಾಶಿ ಮಿತಿ.

ಶಿವರಾಮಕೃಷ್ಣ ಚಂದ್ರಶೇಖರ್ (1930–2004), ಭೌತ ವಿಜ್ಞಾನಿ, ರಾಮನ್‌ರ ತಂಗಿಯ ಮಗ, ಮೈಸೂರು, ಬೆಂಗಳೂರು, ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕ.

ಶ್ರೀಪತಿ ಚಂದ್ರಶೇಖರ್ (1918–2001), ಜನಸಂಖ್ಯಾ ಶಾಸ್ತ್ರಜ್ಞ, ಕೇಂದ್ರ ಸಚಿವ.

ಗ್ರಂಥಸೂಚಿ

ಸರಿಯಾಗಿದೆ. ಎರಡನೆಯ ಸಾಲನ್ನು ‘ದ್ರವ ಸ್ಫಟಿಕ ವಿಜ್ಞಾನಿ’ ಎಂದೇ ಶುರುಮಾಡಿ. ‘ಭೌತ ವಿಜ್ಞಾನಿ’ ಎಂದರೆ ನೊಬೆಲ್ ನೆನಪಿರುವ ಓದುಗರು ಮೊದಲು ಅದನ್ನೇ ಒತ್ತುತ್ತಾರೆ.

ಪುಟಗಟ್ಟು

ಬದಲಿಸಿದೆ.